ಮಾಟಗಾತಿಯ ಬೇಟೆ

2015ರಲ್ಲಿ ಬಂದ ‘ದಿ ಲಾಸ್ಟ್ ವಿಚ್ ಹಂಟರ್’ ಎಂಬ ಹಾಲಿವುಡ್ ಚಿತ್ರದಲ್ಲಿ ವಿನ್ ಡೀಸೆಲ್ ಸಾವಿಲ್ಲದ ವೀರ. ಎಂಟು ಶತಮಾನಗಳಿಂದ ಮಾಟಗಾತಿಯರನ್ನು ಬೇಟೆಯಾಡುತ್ತಲೇ ಇದ್ದಾನೆ. ಚಿತ್ರದಲ್ಲಿ ಮಾಟವೂ ನಿಜ, ಬೇಟೆಯೂ ನಿಜ. ಇತಿಹಾಸದಲ್ಲಿ ನಿಜವಾಗಿದ್ದುದು ಬೇಟೆ ಮಾತ್ರ. 15ರಿಂದ 18ನೇ ಶತಮಾನದವರೆಗೆ ಯುರೋಪಿನಲ್ಲಿ ಸುಮಾರು 40ರಿಂದ 60 ಸಾವಿರ ಮಂದಿಯನ್ನು ಮಾಟದ ಆರೋಪ ಹೊರಿಸಿ ಕೊಲ್ಲಲಾಯಿತು. ಹೆಚ್ಚಿನವರು ಹೆಂಗಸರು. ಚಿತ್ರಹಿಂಸೆ ಕೊಟ್ಟು ಪಡೆದ ತಪ್ಪೊಪ್ಪಿಗೆಯನ್ನೇ ಸಾಕ್ಷಿಯೆಂದು ಒಪ್ಪಿದವರು ಓದುಬರಹ ಬಲ್ಲ ನ್ಯಾಯಾಧೀಶರೇ!

ಯುರೋಪಿನ ಮಾತು ಹಾಗಿರಲಿ. ಮಾಟ, ಬಾನಾಮತಿ ಎಂಬ ಮಾತುಗಳಿಗೆ ನಮ್ಮ ಹಳ್ಳಿಗಳಲ್ಲೂ ಅಂಜುವವರಿದ್ದಾರೆ. ಗೋಕಾಕ ತಾಲೂಕಿನವರಾದ ಸತೀಶ ಜಾರಕಿಹೊಳಿ, 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣ ದಿನ, ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ರಾತ್ರಿ ಕಳೆದರು. ಆಗ ಅವರು ಸಚಿವರು. ನೂರು ಭಾಷಣಕ್ಕಿಂತ ಇದು ಮೇಲು.

ಕಾನೂನು ಮಾತ್ರ ಬೆಲೆ ತೆತ್ತ ಮೇಲೆಯೇ ಬಂತು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಕೊಲೆಯಾದ ನಂತರವಷ್ಟೇ ಮಹಾರಾಷ್ಟ್ರ ಕಾನೂನು ತಂದಿತು. ಕರ್ನಾಟಕದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರಲ್ಲಿ. ದೆವ್ವ ಬಿಡಿಸುತ್ತೇನೆಂದು ಕಟ್ಟಿಹಾಕಿ ಹೊಡೆಯುವವನು ಮಂತ್ರವಾದಿಯಾಗಿರಲಿ, ತಾಯಿತ ಕಟ್ಟುವ ಬಾಬಾ ಆಗಿರಲಿ, ಇಬ್ಬರೂ ಈಗ ಅಪರಾಧಿಗಳೇ.