ಕಡಲ ಕರೆಯ ಕೋಟೆಸಾಲು ಮತ್ತು ಸರಕಾರದ ನೆರವು

ಉತ್ತರದ ಮಂಜೇಶ್ವರದಿಂದ ದಕ್ಷಿಣದ ಹೊಸದುರ್ಗದವರೆಗೆ ಕಡಲ ಕರೆಯಲ್ಲಿ ಅಳೆದರೆ ಅರುವತ್ತು ಕಿಲೋಮೀಟರು ತುಂಬುವುದಿಲ್ಲ. ಇಷ್ಟು ಚಿಕ್ಕ ಹಾದಿಯಲ್ಲಿ ಕುಂಬಳೆಯ ಆರಿಕ್ಕಾಡಿ ಕೋಟೆ, ಕಾಸರಗೋಡು ಪೇಟೆಯ ಕೋಟೆ, ಚಂದ್ರಗಿರಿ ಕೋಟೆ, ಬೇಕಲ ಕೋಟೆ, ಹೊಸದುರ್ಗದ ಕೋಟೆ ಎಂದು ಐದು ಕೋಟೆಗಳು ಸಾಲುಗೊಂಡಿವೆ. ಒಳನಾಡಿನ ಪೊವ್ವಲ್, ಬಂದಡ್ಕದ ಕೋಟೆಗಳ ಮಾತು ಬೇರೆ. ಹೊರಗಿನಿಂದ ಬರುವ ಪ್ರವಾಸಿಗಳು ಇವುಗಳಲ್ಲಿ ಬೇಕಲವೊಂದನ್ನು ನೋಡಿ, ಫೋಟೋ ಹಿಡಿಸಿಕೊಂಡು, ಮರಳುತ್ತಾರೆ. ಉಳಿದವುಗಳ ಹೆಸರು ಜಿಲ್ಲೆಯ ಮಕ್ಕಳಿಗೇ ಸರಿಯಾಗಿ ತಿಳಿದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ದೇವಸ್ಥಾನದ ಸ್ಮರಣ ಸಂಚಿಕೆಯಲ್ಲಿ ಕೋಟೆಯ ಪ್ರಸ್ತಾಪವೇಕೆ ಎಂದು ಕೇಳುವವರಿರಬಹುದು. ಬೇಕಲ ಕೋಟೆಯ ಹೆಬ್ಬಾಗಿಲಿನಲ್ಲಿ ಮುಖ್ಯಪ್ರಾಣ ದೇವರ ಗುಡಿಯಿದೆ. ಆರಿಕ್ಕಾಡಿ ಕೋಟೆಯಲ್ಲಿ ಆಂಜನೇಯನಿದ್ದಾನೆ. ಕೋಟೆ ಕಟ್ಟಿದವರ ರಾಜ್ಯ ಹೋಯಿತು, ಫಿರಂಗಿ ಹೋಯಿತು, ಸೈನ್ಯ ಹೋಯಿತು. ದೇವರಿಗೆ ಹಚ್ಚಿದ ದೀಪ ಮಾತ್ರ ಉಳಿಯಿತು. ಆದುದರಿಂದ ಕೋಟೆಯ ಕಥೆ ಮತ್ತು ದೇವಸ್ಥಾನದ ಕಥೆ ಈ ನಾಡಿನಲ್ಲಿ ಎರಡಲ್ಲ.

ಈ ಕೋಟೆಗಳು ಯಾವುದರ ಕಾವಲಿಗಾಗಿ ಎದ್ದವು ಎಂಬುದನ್ನು ಮೊದಲು ತಿಳಿಯಬೇಕು. ಯುದ್ಧಕ್ಕೆ ಎಂದು ಹೇಳಿಬಿಡುವುದು ಸುಲಭ. ಆದರೆ ಯುದ್ಧದ ಹಿಂದೆ ಇದ್ದುದು ಅಕ್ಕಿ. ಕನ್ನಡ ಕರಾವಳಿಯ ಗದ್ದೆಗಳಲ್ಲಿ ಬೆಳೆದ ಅಕ್ಕಿಯಿಂದಲೇ ಮಲಬಾರಿನ ಬಹುಪಾಲು ಹೊಟ್ಟೆ ತುಂಬುತ್ತಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರೆಯ ವಿವರ ಬರೆದ ಪೋರ್ಚುಗೀಸ ದುವಾರ್ತೆ ಬಾರ್ಬೋಸನು ಕುಂಬಳೆಯ ಬಂದರನ್ನು ಹೆಸರಿಸಿ, ಇಲ್ಲಿಂದ ಕಪ್ಪಾದ, ಕಡಿಮೆ ದರ್ಜೆಯ ಅಕ್ಕಿ ಹಡಗು ಹಡಗಾಗಿ ಮಾಲ್ದೀವಿಗೆ ಹೋಗುತ್ತದೆ, ಅದಕ್ಕೆ ಬದಲು ಅಲ್ಲಿಂದ ತೆಂಗಿನ ನಾರಿನ ಹುರಿ ಬರುತ್ತದೆ ಎಂದು ತಿಳಿಸಿದ್ದಾನೆ. ವ್ಯಾಪಾರ ಬಲ್ಲವರಿಗೆ ಇದರ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಮೇಲುತರದ ಮಾಲನ್ನು ಹಣವಂತರ ಪೇಟೆಗೆ, ಕೆಳತರದ್ದನ್ನು ಬಡ ದ್ವೀಪಗಳಿಗೆ, ಮರಳುವ ಹಡಗು ಖಾಲಿ ಬಾರದಂತೆ ಹುರಿಯ ಹೊರೆ. ಹುರಿಯಿಲ್ಲದೆ ಆ ಕಾಲದಲ್ಲಿ ಹಡಗೇ ಇಲ್ಲ. ಹೀಗೆ ಪ್ರತಿಯೊಂದು ಹೊಳೆಬಾಯಿಯೂ ಒಂದು ಸುಂಕದ ಕಟ್ಟೆಯಾಯಿತು. ಹೊಳೆಬಾಯಿ ಯಾರ ಕೈಯಲ್ಲೋ ಸುಂಕ ಅವರದು.

ವಿಜಯನಗರದ ಬಲ ಕುಂದಿದ ಮೇಲೆ ಈ ಕರಾವಳಿಯು ಕೆಳದಿ ಅಥವಾ ಇಕ್ಕೇರಿ ನಾಯಕರ ಕೈಸೇರಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು, ಭೂಕಂದಾಯದ 'ಶಿಸ್ತಿ'ನಿಂದ ಇಂದಿಗೂ ನೆನಪಿನಲ್ಲಿರುವವನು, ದಕ್ಷಿಣಕ್ಕೆ ನೀಲೇಶ್ವರದ ಕಡೆಗೆ ದಂಡು ತಂದನು. ಚಂದ್ರಗಿರಿ ಮತ್ತು ಬೇಕಲದ ಕೋಟೆಗಳನ್ನು ಅವನೇ ಕಟ್ಟಿಸಿದನೆಂದು ಪರಂಪರೆಯಿಂದ ಹೇಳುತ್ತ ಬಂದಿದೆ. ಬೇಕಲದಲ್ಲಿ ಮೊದಲೇ ಕೋಲತ್ತಿರಿಗಳ ನೆಲೆಯಿತ್ತು, ನಾಯಕರು ಅದನ್ನು ಬಲಪಡಿಸಿದರು ಎನ್ನುವ ವಿದ್ವಾಂಸರೂ ಇದ್ದಾರೆ. ಎರಡರಲ್ಲಿ ಯಾವುದಾದರೂ ಸರಿ, ಇಂದು ಕಾಣುವ ಗೋಡೆಯು ನಾಯಕರ ಕಾಲದ ಹಟವನ್ನೇ ಸಾರುತ್ತದೆ. ಹೊಸದುರ್ಗದ ಕೋಟೆ ಅನಂತರ ಬಂದುದು, ಸೋಮಶೇಖರನಾಯಕನದೆಂದು ಪ್ರತೀತಿ. ಹೆಸರೇ ಸಾಕ್ಷಿ ಹೇಳುತ್ತದೆ: ಕನ್ನಡದಲ್ಲಿ ಹೊಸದುರ್ಗ, ಮಲೆಯಾಳದಲ್ಲಿ ಪುದಿಯಕೋಟ್ಟ, ಎರಡರ ಅರ್ಥವೂ ಒಂದೇ. ಕಾಞಂಗಾಡಿನ ಬಸ್ಸಿನಲ್ಲಿ ಈ ಎರಡು ಹೆಸರನ್ನೂ ಕೇಳಬಹುದು.

ಕೋಟೆಗಳ ಕಾವಲಿಗೆಂದು ಘಟ್ಟದ ಮೇಲಿನಿಂದ ಮತ್ತು ಉತ್ತರದ ಕರಾವಳಿಯಿಂದ ಬಂದ ಮನೆತನಗಳ ಸಂತತಿಯವರು ರಾಮಕ್ಷತ್ರಿಯರು. ಊರವರ ಬಾಯಲ್ಲಿ ಇವರಿಗೆ ಕೋಟೆಯಾರರೆಂದೇ ಹೆಸರು. ಬೇಕಲದಲ್ಲಿ, ಹೊಸದುರ್ಗದಲ್ಲಿ, ಕಾಸರಗೋಡಿನಲ್ಲಿ ಸುತ್ತಲೂ ಮಲೆಯಾಳ ತುಂಬಿರುವಾಗ ಇವರ ಮನೆಗಳಲ್ಲಿ ಕನ್ನಡ ಉಳಿದು ಬಂತು. ತಾಳೆಗರಿಯೂ ಶಿಲಾಶಾಸನವೂ ಇಲ್ಲದ ಕಡೆ ಒಂದು ಜನಾಂಗದ ಹೆಸರೇ ಶಾಸನವಾಗಿ ನಿಂತಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಬೇಕಲದ ಕೋಟೆ ಸುಮಾರು 40 ಎಕರೆಯಷ್ಟು ಹರಡಿದೆ. ಕೇರಳ ರಾಜ್ಯದಲ್ಲೇ ಅತಿ ದೊಡ್ಡದು. ಒಳಗೆ ವಿಲಾಸದ ಅರಮನೆಯ ವೈಭವ ಕಾಣಸಿಗದು. ಇದು ಪೂರ್ಣವಾಗಿ ಸೈನಿಕರ ಕೋಟೆ. ನಡುವೆ ವಿಶಾಲವಾದ ಏರು ದಾರಿಯುಳ್ಳ ವೀಕ್ಷಣಾ ಬುರುಜು, ಮೆಟ್ಟಲುಗಳಿರುವ ಕೆರೆ, ಮದ್ದಿನ ಮನೆ, ದಕ್ಷಿಣಕ್ಕೆ ತೆರೆಯುವ ಸುರಂಗ. ಹೊರಗೋಡೆಯ ಕಂಡಿಗಳನ್ನು ಗಮನಿಸಬೇಕು. ಮೇಲಿನ ಕಂಡಿ ದೂರದ ಗುರಿಗೆ, ಅದರ ಕೆಳಗಿನದು ಹತ್ತಿರ ಬಂದವರಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವರಿಗೆ. ಕಟ್ಟಿದ ಮೇಸ್ತ್ರಿಗೆ ಅಕ್ಷರ ಬರುತ್ತಿತ್ತೋ ಇಲ್ಲವೋ, ಲೆಕ್ಕ ಮಾತ್ರ ಚೆನ್ನಾಗಿ ಬರುತ್ತಿತ್ತು.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಈ ಕೋಟೆಗಳೂ ಮೈಸೂರಿನವಾದವು. ಟಿಪ್ಪುವಿನ ಕಾಲದಲ್ಲಿ ಬೇಕಲ ಮುಖ್ಯ ಸೈನಿಕ ಠಾಣೆ. ಕೋಟೆಯ ಸಮೀಪದ ಮಸೀದಿ ಅವನ ಹೆಸರಿನಲ್ಲೇ ಇದೆ. 1799ರ ಬಳಿಕ ಕುಂಪಣಿ ಸರಕಾರ. ಬೇಕಲ ತಾಲೂಕು ಎಂಬುದೇ ಒಂದಿದ್ದು, ಅದು ಹೋಗಿ ಕಾಸರಗೋಡು ತಾಲೂಕು ಬಂತು. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡದವರು ಕಟ್ಟಿದ ಕೋಟೆಯ ಕಾಗದಪತ್ರಗಳು ಮಂಗಳೂರು, ಮದ್ರಾಸುಗಳಲ್ಲಿ ಉಳಿದವು, ಕೋಟೆಯನ್ನು ನೋಡಿಕೊಳ್ಳಬೇಕಾದ ಕಚೇರಿಗಳು ದೂರದ ದಕ್ಷಿಣಕ್ಕೆ ಹೋದವು. ಇದರಲ್ಲಿ ಯಾರದೂ ದ್ವೇಷವಿಲ್ಲ. ಆದರೆ ಪರಿಣಾಮವಂತೂ ಇದೆ.

ಈಗ ಸರಕಾರದ ನೆರವಿನ ವಿಚಾರ. ಬೇಕಲದ ಕೋಟೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕೇಂದ್ರ ಸರಕಾರವು 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಸಾರಿತು. 1995ರಲ್ಲಿ ರಾಜ್ಯ ಸರಕಾರವು ಬೇಕಲ ರಿಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಶನ್ ಸ್ಥಾಪಿಸಿತು. ಅದೇ ವರ್ಷ ಮಣಿರತ್ನಂ ಅವರ 'ಬಾಂಬೆ' ಚಿತ್ರದ ಹಾಡಿನಲ್ಲಿ ಕೋಟೆಯ ಗೋಡೆಯನ್ನು ದೇಶವೇ ನೋಡಿತು. ತೊಂಬತ್ತರ ದಶಕದ ಕೊನೆಯಲ್ಲಿ ನಡೆದ ಉತ್ಖನನದಲ್ಲಿ ಮಣ್ಣಿನಡಿ ಅಡಗಿದ್ದ ಕಟ್ಟಡಗಳ ತಳಪಾಯ ಹೊರಬಿತ್ತು. 2022ರ ಡಿಸೆಂಬರಿನಲ್ಲಿ ಪಳ್ಳಿಕ್ಕರೆಯ ಕಡಲ ಕರೆಯಲ್ಲಿ ಬೇಕಲದ ಹೆಸರಿನಲ್ಲಿ ಅಂತಾರಾಷ್ಟ್ರೀಯ ಬೀಚ್ ಉತ್ಸವವೂ ಆಯಿತು. ಇಷ್ಟನ್ನೂ ಮೆಚ್ಚಬೇಕು. ಹುಲ್ಲು ಕೊಯ್ದು ಹಾದಿ ಮಾಡಿ, ಗೋಡೆಯನ್ನು ಭದ್ರಪಡಿಸಿ ಇಟ್ಟಿರುವುದನ್ನು ಕಣ್ಣಾರೆ ಕಾಣಬಹುದು.

ಆದರೆ ಸರಕಾರದ ಕೈ ಬೇಕಲದ ಆಚೆಗೆ ಚಾಚಿದ್ದು ಕಡಿಮೆ. ಪಯಸ್ವಿನಿಯ ದಕ್ಷಿಣ ದಡದ ಎತ್ತರದಲ್ಲಿರುವ ಚಂದ್ರಗಿರಿ ಕೋಟೆ ಸುಮಾರು 7 ಎಕರೆಯದು; ರಾಜ್ಯ ಪುರಾತತ್ವ ಇಲಾಖೆಗೆ ಸೇರಿದೆ. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನವರು ಹೇಳುತ್ತಿದ್ದ ಹೊಳೆ ಇದೇ. ಅಲ್ಲಿ ನಿಂತರೆ ಹೊಳೆ, ಅಳಿವೆ, ಕಡಲು ಮೂರೂ ಕಾಣುತ್ತವೆ. ನೋಡಲು ಬರುವವರು ಮಾತ್ರ ವಿರಳ. ಹೊಸದುರ್ಗದ ಕೋಟೆಯ ಆವರಣವನ್ನು ಸರಕಾರಿ ಕಚೇರಿಗಳೂ ನ್ಯಾಯಾಲಯವೂ ಹಂಚಿಕೊಂಡಿವೆ. ಸ್ವಾಮಿ ನಿತ್ಯಾನಂದರು ಅಲ್ಲಿ ಕೊರೆಯಿಸಿದ ಗುಹೆಗಳು ಇರುವುದರಿಂದ ಭಕ್ತರಾದರೂ ಆ ಕಡೆ ಕಾಲಿಡುತ್ತಾರೆ. ಕಾಸರಗೋಡು ಪೇಟೆಯಲ್ಲಿ ಫೋರ್ಟ್ ರೋಡ್, ಕೋಟೆಕಣಿ ಎಂಬ ಹೆಸರುಗಳು ಗಟ್ಟಿಯಾಗಿವೆ. ಕೋಟೆಯದೇ ಜಾಗ ಖಾಸಗಿಯವರಿಗೆ ಮಾರಾಟವಾಗಿ, ವಿಷಯ ವಿಜಿಲೆನ್ಸ್ ತನಿಖೆಯವರೆಗೆ ಹೋಯಿತು. ಒಂದು ಕೋಟೆಯನ್ನು ಅಂಗಡಿಕೋಣೆಯಂತೆ ಮಾರಬಹುದೆಂದು ಶಿವಪ್ಪನಾಯಕನು ಕನಸಿನಲ್ಲಿಯೂ ಎಣಿಸಿರಲಾರ.

ಕೆಂಪುಕಲ್ಲಿನ ಗುಣವನ್ನೂ ಇಲ್ಲಿ ಹೇಳಬೇಕು. ಈ ಎಲ್ಲ ಕೋಟೆಗಳೂ ಊರಿನ ಮುರಕಲ್ಲಿನವೇ. ನೆಲದಿಂದ ಕಡಿದಾಗ ಅದು ಮೆದು. ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತದೆ. ಆದರೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ ಈ ನಾಡಿನಲ್ಲಿ ಗೋಡೆಯ ತಲೆಯಿಂದ ನೀರಿಳಿದರೆ ಒಳಗಿನ ಮಣ್ಣು ಕರಗಿ ಹೋಗುತ್ತದೆ. ಹಕ್ಕಿ ತಂದ ಅಶ್ವತ್ಥದ ಬೀಜವೊಂದು ಸಂದಿಯಲ್ಲಿ ಮೊಳೆತರೆ ಹತ್ತು ವರ್ಷದಲ್ಲಿ ಬೇರು ಕಲ್ಲನ್ನು ಎಬ್ಬಿಸುತ್ತದೆ. ಅದಕ್ಕೆ ಮದ್ದು ಕೋಟಿ ರೂಪಾಯಿಯಲ್ಲ. ಮಳೆಗೆ ಮೊದಲು ಗಿಡ ಕಿತ್ತು, ಬಿರುಕಿಗೆ ಸುಣ್ಣದ ಗಾರೆ ತುಂಬಿದರೆ ಸಾಕು. ಸಿಮೆಂಟು ಮೆತ್ತಿದರೆ ನೀರು ಒಳಗೇ ಸಿಕ್ಕಿ ಕಲ್ಲು ಸುಲಿಯುತ್ತದೆ. ಹಳೆಯ ಗರ್ಭಗುಡಿಗೆ ಸಿಮೆಂಟು ಹಚ್ಚಿ ಪರಿತಪಿಸಿದ ದೇವಸ್ಥಾನಗಳಿಗೆ ಇದು ಹೊಸ ಮಾತಲ್ಲ. ಸರಕಾರದ ಹಣ ಮಾರ್ಚಿಯಲ್ಲಿ ಮಂಜೂರಾಗಿ, ಟೆಂಡರು ಮೇಯಲ್ಲಿ ತೆರೆದು, ಕೆಲಸ ಜೂನಿನ ಮಳೆಯಲ್ಲಿ ಆರಂಭವಾಗುವ ಪದ್ಧತಿ ಇರುವಷ್ಟು ಕಾಲ ಮುರಕಲ್ಲಿಗೆ ಸುಖವಿಲ್ಲ.

ರಕ್ಷಣೆಯ ಕಾನೂನು ಬಲವಾದದ್ದೇ. ಕೇಂದ್ರದ್ದು 1958ರ ಅಧಿನಿಯಮ, ಕೇರಳದ್ದು 1968ರದು. 2010ರ ತಿದ್ದುಪಡಿಯ ನಂತರ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಕೋಟೆಯ ನೆರೆಯಲ್ಲಿ ಮನೆಯಿರುವವರಿಗೆ ಇದು ತೊಂದರೆಯೇ ಸರಿ. ಕೋಟೆಯೊಳಗಿನ ಗುಡಿಯವರಿಗೂ ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ಇಲಾಖೆಯ ಬಾಗಿಲು ತಟ್ಟಬೇಕಾಗುತ್ತದೆ. ಗೋಡೆ ಉಳಿಯಬೇಕಾದರೆ ಇಷ್ಟು ಬಿಗಿ ಬೇಕು. ಆದರೆ ಬಿಗಿ ಮಾಡುವ ಸರಕಾರವು ಪೂಜೆಯ ಹಾದಿಯನ್ನೂ ಉತ್ಸವದ ದಿನಗಳನ್ನೂ ಊರವರೊಂದಿಗೆ ಕುಳಿತು ಮೊದಲೇ ಬರೆದಿಟ್ಟರೆ ಅರ್ಧ ತಕರಾರು ಅಲ್ಲಿಯೇ ಮುಗಿಯುತ್ತದೆ.

ಮುಖ್ಯವಾದ ಕೊರತೆ ಹಣದ್ದಲ್ಲ, ನೋಟದ್ದು. ಒಂದೇ ರಾಜ್ಯ ಒಂದೇ ಉದ್ದೇಶಕ್ಕೆ ಇಟ್ಟುಕೊಂಡ ಸರಪಳಿಯ ಕೊಂಡಿಗಳು ಇಂದು ಒಂದು ಕೇಂದ್ರದ್ದು, ಒಂದು ರಾಜ್ಯದ್ದು, ಒಂದು ಕಚೇರಿಗಳ ನಡುವಿನದು, ಒಂದು ವ್ಯಾಜ್ಯದ್ದು ಎಂದು ಬೇರೆ ಬೇರೆಯಾಗಿವೆ. ಕೇರಳ ಸರಕಾರಕ್ಕೆ ದಾರಿ ಗೊತ್ತಿಲ್ಲವೆಂದಲ್ಲ. ಕೊಡುಂಗಲ್ಲೂರಿನ ಮುಜಿರಿಸ್ ಯೋಜನೆಯಲ್ಲಿ ಕೋಟೆ, ಅರಮನೆ, ಯಹೂದಿಗಳ ಪ್ರಾರ್ಥನಾ ಮಂದಿರ, ಮಸೀದಿ, ಉತ್ಖನನದ ಸ್ಥಳ ಎಲ್ಲವನ್ನೂ ದೋಣಿಯ ಹಾದಿಯಿಂದ ಹೊಲಿದು ಒಂದು ಮಾಲೆ ಮಾಡಿದ್ದಾರೆ. 2016ರಲ್ಲಿ ರಾಷ್ಟ್ರಪತಿ ಪ್ರಣವ ಮುಖರ್ಜಿಯವರೇ ಬಂದು ಅದರ ಮೊದಲ ಹಂತವನ್ನು ಲೋಕಾರ್ಪಣೆ ಮಾಡಿದರು. ಅಲ್ಲಿ ಆದದ್ದು ಕಾಸರಗೋಡಿನಲ್ಲಿ ಆಗಬಾರದೆಂದಿಲ್ಲ. ಎರಡು ರಾಜ್ಯಗಳು ಒಂದಾಗಿ ಕೆಲಸ ಮಾಡಬಲ್ಲವೆಂಬುದಕ್ಕೂ ನಿದರ್ಶನ ಮಂಜೇಶ್ವರದಲ್ಲಿಯೇ ಇದೆ. ರಾಷ್ಟ್ರಕವಿ ಗೋವಿಂದ ಪೈಗಳ (1883–1963) ಮನೆಯ 'ಗಿಳಿವಿಂಡು' ಸ್ಮಾರಕಕ್ಕೆ ಕೇರಳವೂ ಕರ್ನಾಟಕವೂ ಕೈಜೋಡಿಸಿದವು. ಆ ಮನೆಯಿಂದ ಹೊರಟು ಕುಂಬಳೆ, ಕಾಸರಗೋಡು, ಚಂದ್ರಗಿರಿ, ಬೇಕಲಗಳನ್ನು ದಾಟಿ ಹೊಸದುರ್ಗ ತಲುಪುವ ಒಂದು ದಿನದ ಹಾದಿಯನ್ನು ಗುರುತಿಸಿ, ಎಲ್ಲ ಕಡೆಯೂ ಒಂದೇ ಮಾದರಿಯ ಫಲಕ ನೆಟ್ಟರೆ ಆರಂಭಕ್ಕೆ ಅಷ್ಟು ಸಾಕು. ಫಲಕದಲ್ಲಿ ಮಲೆಯಾಳ, ಇಂಗ್ಲಿಷಿನೊಂದಿಗೆ ಕನ್ನಡವೂ ಇರಬೇಕು. ಕನ್ನಡ ಅಲ್ಪಸಂಖ್ಯಾತರ ಭಾಷೆಯ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಒಪ್ಪಿರುವಾಗ, ಕನ್ನಡ ಹೆಸರಿನ ಕೋಟೆಯ ಮುಂದೆ ಕನ್ನಡ ಅಕ್ಷರ ಬರೆಯಲು ಹೊಸ ಆಜ್ಞೆ ಬೇಕಾಗದು.

ಈ ಹಾದಿಯ ಕೆಲಸ ಆರಿಕ್ಕಾಡಿಯಿಂದ ಆರಂಭವಾಗುವುದು ಒಳ್ಳೆಯದು. ಹೆದ್ದಾರಿಯಲ್ಲಿ ಹೋಗುವ ವಾಹನಗಳಿಗೆ ಅದು ಅತಿ ಸಮೀಪ. ಆಂಜನೇಯನ ಸನ್ನಿಧಿಯಿಂದಾಗಿ ಜನಬಳಕೆಯೂ ಇದೆ. ಅಲ್ಲಿ ತುರ್ತಿಗೂ ಕಾರಣವಿದೆ. 2025ರ ಜನವರಿಯಲ್ಲಿ ಕೆಲವರು ನಿಧಿಯ ಆಸೆಯಿಂದ ಹಾರೆ ಗುದ್ದಲಿ ಹಿಡಿದು ಕೋಟೆಯ ಬಾವಿಗಿಳಿದು ಅಗೆಯುತ್ತಿದ್ದಾಗ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಸದ್ದು ಕೇಳಿ ಪೊಲೀಸರಿಗೆ ತಿಳಿಸಿದವರು ಆಸುಪಾಸಿನ ಊರವರು.