ಶೇಂಗಾ ಬೀಜದ ತೆಳುಪೊರೆ

ಚಳ್ಳಕೆರೆ ಸೀಮೆಯಲ್ಲಿ ಬಿತ್ತನೆ ಹತ್ತಿರ ಬಂತೆಂದರೆ ನಮ್ಮಜ್ಜಿ ಪಡಸಾಲೆಯಲ್ಲಿ ಶೇಂಗಾ ಸುರಿಸಿ, ಕೇರಿಯ ಹೆಂಗಸರನ್ನು ಕೂಡಿಸಿ ಕೈಯಲ್ಲೇ ಸುಲಿಸುತ್ತಿದ್ದಳು. ಪೊರೆ ಕಿತ್ತ ಬೀಜ ಚಟ್ನಿಗೆ, ಬಿತ್ತನೆಗಲ್ಲ. ಆಮೇಲೆ ಸುಲಿಯುವ ಯಂತ್ರ ಬಂತು. ಕೂಲಿ ಉಳಿಯಿತು, ಪೊರೆ ತರಚಿತು. ಆ ಗಾಯದಲ್ಲೇ ಆಸ್ಪರ್ಜಿಲ್ಲಸ್ ನೈಜರ್ ಎಂಬ ಶಿಲೀಂಧ್ರ ಸುಲಭವಾಗಿ ಒಳಹೊಗುತ್ತದೆ. ಕೆಲವು ಬೀಜ ಮಣ್ಣಲ್ಲೇ ಕೊಳೆಯುತ್ತವೆ. ಮೊಳೆತ ಸಸಿಯ ಕತ್ತಿಗೆ ಮಸಿಯಂಥ ಕಪ್ಪು ಪುಡಿ ಹತ್ತಿ, ಸಸಿ ಬಾಡುತ್ತದೆ. ಸಾಲಲ್ಲಿ ಹಾಗೆ ಬಿದ್ದ ಸಂದು ಕೀಳುವ ತನಕ ತುಂಬುವುದಿಲ್ಲ. ಇಳುವರಿ ಸೋರುವುದು ಅಲ್ಲಿಯೇ. 1940ರಲ್ಲಿ ತಿಂಡಿವನಂ ಸಂಶೋಧನಾ ಕೇಂದ್ರದಿಂದ ಬಿಡುಗಡೆಯಾಗಿ ನಮ್ಮ ಹೊಲಗಳನ್ನೆಲ್ಲ ಆವರಿಸಿದ ಟಿಎಂವಿ-2 ತಳಿಯೂ ಈ ರೋಗಕ್ಕೆ ಹೊರತಲ್ಲ. ಬೀಜೋಪಚಾರಕ್ಕೆಂದು ಪಾದರಸದ ಪುಡಿ ಬಂದಿತ್ತು, ಹೋಯಿತು. ಹೋದದ್ದು ಒಳ್ಳೆಯದೇ. ಈಗ ಕಿಲೋ ಬೀಜಕ್ಕೆ 3 ಗ್ರಾಂ ಥೈರಾಮ್ ಎಂಬ ಶಿಲೀಂಧ್ರನಾಶಕ ಸವರುತ್ತೇವೆ, ಇಲ್ಲವೇ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ. ಬೀಜವೇ ಒಡೆದಿದ್ದರೆ ಎರಡೂ ಅಷ್ಟಕ್ಕಷ್ಟೆ.