ನೆರೆಹೊರೆಯ ಎರಡು ಆಸ್ಪತ್ರೆಗಳು

ನಮ್ಮ ಮಾಟುಂಗದಿಂದ ಲೋಕಲ್ ಹಿಡಿದು ದಕ್ಷಿಣಕ್ಕೆ ಹೊರಟರೆ ದಾದರ್ ಆದಮೇಲೆ ಪರೇಲ್. ಅಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ. ಅದೇ ಮಾರ್ಗದಲ್ಲಿ ಉತ್ತರಕ್ಕೆ ಹೋದರೆ ಠಾಣೆ. ಅಲ್ಲಿ 1901ರ ಮಾನಸಿಕ ಆಸ್ಪತ್ರೆ. ಬೆಂಗಳೂರಿನಲ್ಲಿಯಂತೂ ನಿಮ್ಹಾನ್ಸ್ ಮತ್ತು 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಅಕ್ಕಪಕ್ಕದಲ್ಲೇ ಇವೆ. ಕಟ್ಟಡಗಳು ಹತ್ತಿರವಾದರೂ ಮನಸ್ಸಿನ ವೈದ್ಯ ಮತ್ತು ದೇಹದ ವೈದ್ಯ ಬೇರೆ ಬೇರೆ ದಾರಿಯಲ್ಲಿ ಬೆಳೆದು ಬಂದುವು. ಅದರ ಬೆಲೆ ತೆತ್ತವರು ಮನೋರೋಗಿಗಳು.

ಈ ಅಗಲಿಕೆ ಹಳೆಯದು. 1912ರ ಕಾಯಿದೆಯ ಮುಖ್ಯ ಚಿಂತೆ ರೋಗಿಯನ್ನು ಕೂಡಿಹಾಕುವುದಾಗಿತ್ತು. ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನ 'ಹುಚ್ಚರ ಆಸ್ಪತ್ರೆ'ಯನ್ನು ಮಾನಸಿಕ ಆಸ್ಪತ್ರೆ ಎಂದು ಕರೆದುದು ದೊಡ್ಡ ಹೆಜ್ಜೆ. ಆದರೂ ಇತರ ಎಲ್ಲ ಚಿಕಿತ್ಸೆಗಳಲ್ಲಿ ಮನೋರೋಗಿಯನ್ನು ದೇಹರೋಗಿಗೆ ಸಮನಾಗಿ ಕಾಣಬೇಕೆಂದು ಕಾನೂನು ಸ್ಪಷ್ಟವಾಗಿ ಹೇಳಲು 2017ರ ಕಾಯಿದೆಯೇ ಬರಬೇಕಾಯಿತು.

ಮನೋವ್ಯಾಧಿ ಇದ್ದವರು ಕ್ಯಾನ್ಸರಿನಿಂದ ಸಾಯುವ ಸಂಭವ ಇತರರಿಗಿಂತ ಹೆಚ್ಚೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಕಾರಣಗಳು ನಿಗೂಢವಲ್ಲ. ಬೀಡಿ, ಸಿಗರೇಟು, ತಂಬಾಕಿನ ಚಟ ಅವರಲ್ಲಿ ಹೆಚ್ಚು. ತಪಾಸಣೆಗೆ ಕರೆದೊಯ್ಯುವವರು ಕಡಿಮೆ. 'ಎದೆಯಲ್ಲಿ ಗಂಟಿದೆ' ಎಂದು ರೋಗಿ ಹೇಳಿದರೂ ಅದನ್ನು ಭ್ರಮೆಯ ಲೆಕ್ಕಕ್ಕೆ ಸೇರಿಸುವುದುಂಟು. ಹೀಗೆ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಇದಕ್ಕೆ ಪರಿಹಾರದ ಸೂತ್ರ ನಮ್ಮಲ್ಲೇ ಸಿಕ್ಕಿದೆ. ಟಾಟಾ ಆಸ್ಪತ್ರೆಯವರು 1998ರಿಂದ ಮುಂಬಯಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಪಂಗಡ ಮಾಡಿ ಪ್ರಯೋಗ ನಡೆಸಿದರು. ಒಂದು ಪಂಗಡಕ್ಕೆ, ಹತ್ತನೆಯ ತರಗತಿಯವರೆಗೆ ಓದಿ ನಾಲ್ಕು ವಾರ ತರಬೇತಿ ಪಡೆದ ಕಾರ್ಯಕರ್ತೆಯರು ವಿನೆಗರಿನಲ್ಲಿರುವ ಆಮ್ಲವನ್ನೇ ತೆಳುವಾಗಿ ಹಚ್ಚಿ ಗರ್ಭಕೊರಳನ್ನು ಪರೀಕ್ಷಿಸಿದರು. ಆ ಪಂಗಡದಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಇಳಿಯಿತೆಂದು 2013ರಲ್ಲಿ ಪ್ರಕಟವಾಯಿತು. ಅತ್ತ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮನೋಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ದೊಡ್ಡ ಯಂತ್ರಗಳಿಗಾಗಿ ಕಾಯದೆ, ತರಬೇತಾದ ಸಾಮಾನ್ಯರ ಕೈಯಿಂದಲೂ ಕೆಲಸ ಸಾಧ್ಯವೆಂದು ಎರಡೂ ಸಾರಿದುವು. ಇನ್ನು ಆಗಬೇಕಾದುದು ಇವೆರಡನ್ನು ಕೂಡಿಸುವ ಕೆಲಸ. ಮಾತ್ರೆಗಾಗಿ ಮನೋವೈದ್ಯರಲ್ಲಿಗೆ ಬಂದವರ ಬಾಯಿಯನ್ನೂ ಅಲ್ಲೇ ಪರೀಕ್ಷಿಸಬಹುದು. ಹೆಂಗಸರಾದರೆ ಸ್ತನ, ಗರ್ಭಕೊರಳಿನ ತಪಾಸಣೆಗೆ ದಿನ ಗೊತ್ತುಮಾಡಬಹುದು. ತಂಬಾಕು ಬಿಡಿಸಲು ನೆರವಾಗಬಹುದು. 30 ವರ್ಷ ದಾಟಿದವರ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲಿಯೇ ಇದೆ.

ಊರು ಬಿಟ್ಟು ಬಂದ ನಾವು ಮನೆಯಲ್ಲಿ ಇಂಥವರಿದ್ದರೆ ಮದುವೆ ಮಾತುಕತೆಗೆ ಅಡ್ಡಿಯಾದೀತೆಂದು ಒಳಕೋಣೆಯಲ್ಲಿ ಇರಿಸುತ್ತೇವೆ. ಅನ್ನ, ಬಟ್ಟೆಗೆ ಕೊರತೆ ಮಾಡುವುದಿಲ್ಲ ನಿಜ. ಆದರೆ ತಾಯಿಯನ್ನು ತಪಾಸಣೆಗೆ ಕರೆದೊಯ್ಯುವ ದಿನ ಒಳಕೋಣೆಯ ಚಿಕ್ಕಮ್ಮನನ್ನೂ ಕರೆದೊಯ್ಯೋಣ. ಅವರಿಗೂ ಅದೇ ದೇಹ, ಅದೇ ಹಕ್ಕು.